ಹಳೆ ರೈಫಲ್ ನೋಡಿ ‘375 ಮಾಡ್ಕೊಡ್ತೀನಿ’ ಅಂದವರ ಕೈಗೆ ಬಂದೂಕು ಕೊಡಬೇಡಿ

ಗಂಗಾವತಿ, ಕನಕಗಿರಿ, ಸಂಡೂರು, ಸಿಂಧನೂರು ಕಡೆ ಮನೆಯಲ್ಲಿ ಅಜ್ಜನ ಕಾಲದ ರೈಫಲ್ ಇಟ್ಟುಕೊಂಡವರು ಸಾಕಷ್ಟು ಜನ ಇದ್ದೀರಿ. ಲೈಸೆನ್ಸ್ ಅಪ್ಪನಿಂದ ಮಗನ ಹೆಸರಿಗೆ ಬಂದಿರುತ್ತೆ, ತೋಟಾ ಮುಗಿದು ಎಷ್ಟೋ ವರ್ಷ ಆಗಿರುತ್ತೆ, ಬಂದೂಕು ಮಾತ್ರ ಎಣ್ಣೆಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿ ಇರುತ್ತೆ. ಅಂಥವರನ್ನೇ ಹುಡುಕಿಕೊಂಡು, ಬೋರ್ (ನಳಿಗೆಯ ಒಳ ಅಳತೆ) ದೊಡ್ಡದು ಮಾಡಿಕೊಡ್ತೀನಿ ಅಂತ ಬರೋ ಒಬ್ಬ ರಿಪೇರಿಯವನಿಂದ ನಮ್ಮ ಸೋದರಮಾವನಿಗೆ ಆದದ್ದನ್ನು ಬರೀತಿದ್ದೇನೆ. ಹೆಸರು, ಊರು ಹಾಕಲ್ಲ. ವಿಚಾರಣೆ ಇನ್ನೂ ನಡೀತಿದೆ.

ಮಾವನ ರೈಫಲ್ 9.3×62 (ಗುಂಡಿನ ಅಗಲ 9.3 ಮಿ.ಮೀ., ತೋಟಾದ ಹಿತ್ತಾಳೆ ಕೊಪ್ಪೆಯ ಉದ್ದ 62), ಜರ್ಮನಿಯ ಮೌಸರ್ 98 ಆಕ್ಷನ್, ಅಂದ್ರೆ ತೋಟಾ ತುಂಬಿ ಬೀಗ ಹಾಕೋ ಭಾಗ. ತುಂಗಭದ್ರಾ ಡ್ಯಾಂ ಕಟ್ಟುವಾಗ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ಊರು ಬಿಡುವಾಗ ಅಜ್ಜನಿಗೆ ಮಾರಿ ಹೋದದ್ದಂತೆ. ಈ ತೋಟಾದ ಕಥೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಮುಂದಿನ ಎಡವಟ್ಟೆಲ್ಲ ಅಲ್ಲೇ ಇದೆ. 1905ರಲ್ಲಿ ಬರ್ಲಿನ್ನಿನ ಬಂದೂಕು ತಯಾರಕ ಓಟೊ ಬಾಕ್ ಇದನ್ನು ರೂಪಿಸಿದ್ದು. ಆಫ್ರಿಕಾದ ಜರ್ಮನ್ ವಸಾಹತುಗಳಲ್ಲಿ ನೆಲೆಸಿದ್ದ ರೈತರಿಗೆ ಅಗ್ಗದ ಮೌಸರ್‌ನಲ್ಲೇ ದೊಡ್ಡ ಪ್ರಾಣಿ ಬೀಳಿಸೋ ಶಕ್ತಿ ಬೇಕಿತ್ತು. ಬಾಕ್ ಆ ರೈಫಲ್ಲನ್ನು ಕೊರೆಯಲು ಹೋಗಲಿಲ್ಲ. ಅದರ ಮ್ಯಾಗಜಿನ್ (ತೋಟಾ ತುಂಬಿಡೋ ಪೆಟ್ಟಿಗೆ) ಎಷ್ಟು ಉದ್ದ ಇದೆಯೋ ಅಷ್ಟರಲ್ಲೇ ಕೂರೋ ತೋಟಾ ಮಾಡಿದ. ಗುಂಡು ಸಮೇತ ಉದ್ದ 83.6 ಮಿ.ಮೀ. ಸುಮಾರು 18.5 ಗ್ರಾಂ ಗುಂಡನ್ನು ಸೆಕೆಂಡಿಗೆ 720 ಮೀಟರ್ ಆಸುಪಾಸಿನ ವೇಗದಲ್ಲಿ ಬಿಡುತ್ತೆ. ನೂರು ವರ್ಷ ದಾಟಿದರೂ ಆಫ್ರಿಕಾದಲ್ಲಿ ಇದಕ್ಕೆ ಮರ್ಯಾದೆ ಕಡಿಮೆ ಆಗಿಲ್ಲ.

ನಮ್ಮಲ್ಲಿ ಅದರ ತೋಟಾ ಸಿಗಲ್ಲ. ನಾಗರಿಕರಿಗಾಗಿ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗೋ ದೊಡ್ಡ ರೈಫಲ್ ತೋಟಾ ಅಂದ್ರೆ ಮುಖ್ಯವಾಗಿ .315 ಮತ್ತು .30-06. ಮಾವನಿಗೆ ಶಿಕಾರಿಯ ಹುಚ್ಚೂ ಇಲ್ಲ; 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಶಿಕಾರಿ ಅನ್ನೋ ಮಾತೇ ಇಲ್ಲ, ಹೊಲಕ್ಕೆ ಹಂದಿ ಬಿದ್ದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಗುಂಡು ಹಾರಿಸುವಂತಿಲ್ಲ. ರೈಫಲ್ಲಿನ ಕತ್ತಿನ ಹತ್ತಿರ ಕಟ್ಟಿಗೆ ಸೀಳಿತ್ತು, ಅದನ್ನು ಸರಿ ಮಾಡಿಸಬೇಕು ಅಂತ ವಿಚಾರಿಸಿದ್ದರು, ಅಷ್ಟೇ. ವಿಚಾರಿಸಿದ್ದು ಹೇಗೋ ಆ ರಿಪೇರಿಯವನ ಕಿವಿಗೆ ಬಿತ್ತು, ಮನೆಗೇ ಬಂದ.

‘ಕಟ್ಟಿಗೆ ಒಂದೇ ಯಾಕ್ರಿ ಯಜಮಾನ್ರ, ಬ್ಯಾರಲ್ಲೂ ತುಕ್ಕು ತಿಂದೈತಿ. 375 ಮಾಡಿ ಕೊಡ್ತೀನಿ. ಆನಿ ಬೀಳಿಸೋ ರೈಫಲ್. ತೋಟಾನೂ ನಾನಾ ತರಿಸ್ತೀನಿ. ಎರಡೂ ಮೀಡಿಯಂ ಬೋರ್, ಏನೂ ಫರಕ್ ಇಲ್ಲ.’

ಈ ಕೊನೇ ಮಾತನ್ನು ಯಾರಾದರೂ ನಿಮಗೂ ಹೇಳಿದರೆ ಅಲ್ಲೇ ಮಾತು ಮುಗಿಸಿ. ಅವನು ಹೇಳಿದ .375 ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ತಂದ ಮ್ಯಾಗ್ನಂ, ಅಂದ್ರೆ ಹೆಚ್ಚು ಶಕ್ತಿಯ ತೋಟಾ. ಆಫ್ರಿಕಾದ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಯಂಥ ಅಪಾಯಕಾರಿ ಪ್ರಾಣಿಗಳಿಗೆ ಇದೇ ಕಾನೂನಿನ ಕನಿಷ್ಠ ಬೋರ್, ಅದರ ಹೆಸರಿಗಿರೋ ಗತ್ತು ಅಲ್ಲಿಂದ ಬಂದದ್ದು. ಆದರೆ ತೋಟಾದ ಪೂರ್ತಿ ಉದ್ದ 91.4 ಮಿ.ಮೀ. ಅಂದ್ರೆ ಮಾವನ ಮ್ಯಾಗಜಿನ್‌ಗಿಂತ ಸುಮಾರು 8 ಮಿ.ಮೀ. ಜಾಸ್ತಿ. ಅದಕ್ಕೆ ಅಂತಲೇ ಉದ್ದನೆಯ ಮ್ಯಾಗ್ನಂ ಆಕ್ಷನ್ ಇರುತ್ತೆ. ಸಾಮಾನ್ಯ ಮೌಸರ್‌ನಲ್ಲಿ ಅದನ್ನು ತುರುಕಬೇಕಾದರೆ ತೋಟಾ ಮೇಲೇರುವ ಇಳಿಜಾರನ್ನು ಉಜ್ಜಿ ತೆಗೆಯಬೇಕು. ಬೋಲ್ಟಿನ (ತೋಟಾದ ಹಿಂದೆ ಬೀಗದಂತೆ ಮುಚ್ಚೋ ಉಕ್ಕಿನ ದಂಡ) ಕೆಳಗಿನ ಲಗ್, ಅಂದ್ರೆ ಹಲ್ಲು, ಒತ್ತಿ ನಿಲ್ಲುವ ಉಕ್ಕು ಇರೋದೂ ಅಲ್ಲೇ. ಗುಂಡು ಹಾರಿದಾಗ ಹಿಂದಕ್ಕೆ ಒದೆಯೋ ಒತ್ತಡವನ್ನು ನಿಮ್ಮ ಮುಖದಿಂದ ದೂರ ಹಿಡಿದಿಡೋದು ಆ ಲಗ್ಗುಗಳು. ಒತ್ತಡವೋ, ಯುರೋಪಿನ ಮಾನದಂಡದಲ್ಲಿ 9.3×62ಗೆ ಗರಿಷ್ಠ 3900 ಬಾರ್, .375ಗೆ 4300. ಉಕ್ಕು ತೆಳುವಾಗಿದೆ, ಒತ್ತಡ ಹೆಚ್ಚಾಗಿದೆ. ಬೋಲ್ಟಿನ ಮುಖವನ್ನೂ ಕೊರೆಯಬೇಕು, ಯಾಕಂದ್ರೆ ತೋಟಾದ ತಳ 11.9ರಿಂದ 13.5 ಮಿ.ಮೀ.ಗೆ ಏರುತ್ತೆ. ನುರಿತವರು ಮಾಡಿಲ್ಲ ಅಂತಲ್ಲ, ಪರದೇಶಗಳಲ್ಲಿ ಮಾಡಿದ್ದಾರೆ. ಆಮೇಲೆ ಬಂದೂಕು ಪರೀಕ್ಷಿಸೋ ಪ್ರೂಫ್ ಹೌಸಿಗೆ ಕಳಿಸಿ, ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ಮುದ್ರೆ ಹಾಕಿಸಿಕೊಂಡ ಮೇಲೇ ಗಿರಾಕಿಗೆ ಕೊಡೋದು.

ಮಾವನಿಗೆ ರೈಫಲ್ ವಾಪಸ್ ಬಂದಾಗ ಅದರ ಜೊತೆ ಪ್ರೂಫ್ ಮುದ್ರೆ ಇರಲಿಲ್ಲ, ರಸೀದಿ ಇರಲಿಲ್ಲ. ಒಂದೂವರೆ ಲಕ್ಷ ಕೈಯಿಂದ ಕೈಗೆ ಹೋಗಿತ್ತು. ‘ನಾನಾ ಹೊಡೆದು ನೋಡೀನಿ’ ಅಂತ ಮೂರು ಖಾಲಿ ಕೊಪ್ಪೆ ಕೊಟ್ಟು ಹೋದ.

ಆ ಕೊಪ್ಪೆಗಳೇ ಅವನನ್ನು ಹಿಡಿದುಕೊಟ್ಟವು. ಸೇನೆಯಲ್ಲಿ ಆರ್ಮರರ್ (ಬಂದೂಕು ನೋಡಿಕೊಳ್ಳುವವರು) ಆಗಿದ್ದು ನಿವೃತ್ತರಾದ ಪರಿಚಯದವರೊಬ್ಬರು ಬಳ್ಳಾರಿಯಲ್ಲಿದ್ದಾರೆ, ಅವರಿಗೆ ಒಯ್ದು ತೋರಿಸಿದೆವು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ತಳದ ಪಟ್ಟಿಯಿಂದ ಸ್ವಲ್ಪ ಮೇಲೆ, ಸುತ್ತಲೂ ಕೂದಲಿನಷ್ಟು ಸಣ್ಣ ಹೊಳೆಯೋ ಗೆರೆ. ಒಂದು ತಂತಿಯ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಕೊಪ್ಪೆಯೊಳಗೆ ಇಳಿಸಿ, ಗೋಡೆಗೆ ಒತ್ತಿ ನಿಧಾನ ಎಳೆದರು. ಆ ಗೆರೆ ಇದ್ದಲ್ಲೇ ತಂತಿ ತಟ್ಟನೆ ಸಿಕ್ಕಿಕೊಂಡಿತು. ನನ್ನ ಕೈಗೂ ಕೊಟ್ಟರು. ಒಳಗೆ ತೋಡಿದಂಥ ತಗ್ಗು ಬೆರಳಿಗೆ ಗೊತ್ತಾಗುತ್ತಿತ್ತು. ತೋಟಾ ಕೂರೋ ಚೇಂಬರನ್ನು ಅಳತೆ ಮೀರಿ ಆಳ ಕೊರೆದಿದ್ದಾನೆ, ಆ ಆಳ ಸರಿಯಿದೆಯೇ ನೋಡೋ ಹೆಡ್‌ಸ್ಪೇಸ್ ಗೇಜ್ ಅವನ ಹತ್ತಿರ ಇದ್ದಂತಿಲ್ಲ, ಹಿತ್ತಾಳೆ ಹಿಗ್ಗಿ ತೆಳುವಾಗಿದೆ ಅಂದರು. ಇನ್ನೂ ಸ್ವಲ್ಪ ಹಿಗ್ಗಿದ್ದರೆ ತಳ ಕಿತ್ತು, ಬಿಸಿ ಅನಿಲ ಬೋಲ್ಟಿನ ಸಂದಿಯಿಂದ ಕಣ್ಣಿಗೆ. ಮಾವ ಅದರಲ್ಲಿ ಒಂದು ಗುಂಡೂ ಹಾರಿಸಿರಲಿಲ್ಲ, ನಮ್ಮ ಪುಣ್ಯ.

ಕಟ್ಟಿಗೆಯ ಕಥೆ ಬೇರೆ. ಅಕ್ರೋಟ್ ಅಂತ ಹೇಳಿದ್ದು, ಬಣ್ಣ ಬಳಿದ ಸಾಗವಾನಿ. ಬಾಗಿಲಿಗೆ ಅದಕ್ಕಿಂತ ಒಳ್ಳೆ ಮರ ಇಲ್ಲ, ಆದರೆ ಮ್ಯಾಗ್ನಂ ಒದೆತಕ್ಕೆ ಎಳೆ ಹಿಡಿದು ಸೀಳುತ್ತೆ. ಅವನೇ ಹಾರಿಸಿದ ಮೂರು ಗುಂಡಿಗೆ ಆಕ್ಷನ್ ಹಿಂಬದಿಯಲ್ಲಿ ಆಗಲೇ ಬಿರುಕು ಬಿಟ್ಟು, ಅದರ ಮೇಲೆ ಮೇಣ ತಿಕ್ಕಿದ್ದ.

ರೈಫಲ್ಲನ್ನು ಹಾಗೇ ಮುಚ್ಚಿಟ್ಟಿದ್ದರೂ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ ಆಯ್ತು, ನಮ್ಮಲ್ಲಿ ಮೇ 7ಕ್ಕೆ ಮತದಾನ. ಲೈಸೆನ್ಸ್ ಇದ್ದವರೆಲ್ಲ ಬಂದೂಕು ಠಾಣೆಯಲ್ಲಿ ಠೇವಣಿ ಇಡಬೇಕು ಅಂತ ಎಂದಿನಂತೆ ನೋಟಿಸ್ ಬಂತು. ಪ್ರತಿ ಚುನಾವಣೆಗೂ ಇದು ಮಾಮೂಲಿ, ನಂಬರ್ ಬರೆದುಕೊಂಡು ಚೀಟಿ ಕೊಡ್ತಾರೆ. ಈ ಸಲ ಬರೆದುಕೊಳ್ಳುತ್ತಿದ್ದ ಪೊಲೀಸಪ್ಪ ಬ್ಯಾರಲ್ ಮೇಲಿನ ಹೊಸ ಅಚ್ಚು ನೋಡಿದ, ಲೈಸೆನ್ಸ್ ಪುಸ್ತಕ ನೋಡಿದ. ಪುಸ್ತಕದಲ್ಲಿ 9.3 ಎಂ.ಎಂ., ಬ್ಯಾರಲ್ ಮೇಲೆ .375. ಬ್ಯಾರಲ್ ಮೇಲಿದ್ದ ಹಳೆ ನಂಬರೂ ಇಲ್ಲ.

1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ತಯಾರಿಸೋದಷ್ಟೇ ಅಲ್ಲ, ರಿಪೇರಿ ಮಾಡೋದು, ಮಾರ್ಪಾಡು ಮಾಡೋದು, ಪರೀಕ್ಷೆ ಮಾಡೋದು ಎಲ್ಲಕ್ಕೂ ಲೈಸೆನ್ಸ್ ಬೇಕು. ಈತನ ಹತ್ತಿರ ಅಂಥದ್ದು ಯಾವುದೂ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಮಾಡಿದವನು ಫೋನ್ ಎತ್ತಲ್ಲ, ಉತ್ತರ ಕೊಡಬೇಕಾದವರು ಲೈಸೆನ್ಸ್‌ದಾರರು. ಜೂನ್ 4ಕ್ಕೆ ಫಲಿತಾಂಶ ಬಂದು ಉಳಿದವರೆಲ್ಲ ತಮ್ಮ ಬಂದೂಕು ಒಯ್ದರು. ಮಾವನದು ಠಾಣೆಯಲ್ಲೇ ಇದೆ. ಎಪ್ಪತ್ತು ದಾಟಿದ ಮನುಷ್ಯ ಡಿ.ಸಿ. ಆಫೀಸಿಗೆ ಓಡಾಡ್ತಿದ್ದಾರೆ, ವಕೀಲರ ಖರ್ಚು ಬೇರೆ.

ಕಟ್ಟಿಗೆ ಸೀಳಿದ್ದರೆ ಲೈಸೆನ್ಸ್ ಇರುವ ಅಂಗಡಿಯಲ್ಲಿ ಕಟ್ಟಿಗೆ ಮಾತ್ರ ಸರಿ ಮಾಡಿಸಿ. ಕೊಡುವ ಮೊದಲು ರಿಸೀವರ್ (ಬೋಲ್ಟ್ ಕೂರೋ ಉಕ್ಕಿನ ಭಾಗ) ನಂಬರ್, ಬ್ಯಾರಲ್ ನಂಬರ್, ಬೋಲ್ಟ್ ನಂಬರ್ ಮೂರನ್ನೂ ಫೋಟೊ ತೆಗೆದಿಟ್ಟುಕೊಳ್ಳಿ, ಅಂಗಡಿಯವನ ಲೈಸೆನ್ಸ್ ಕೇಳಿ ನೋಡಿ, ರಸೀದಿಯಲ್ಲಿ ಬೋರ್ ಬರೆಸಿಕೊಳ್ಳಿ. ಬೋರ್ ಬದಲಾಯಿಸುವ ಮಾತು ಬಂದರೆ ಮೊದಲು ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ತೋಟಾ ಸಿಗದ ರೈಫಲ್ ತೋಟಾ ಇಲ್ಲದೆ ಹಾಗೇ ಇರಲಿ.

ಈಗ ಬರೆಯೋಕೆ ಕಾರಣ, ಮಸ್ಕಿ ಕಡೆಯ ನಮ್ಮ ಬೀಗರೊಬ್ಬರು ಹೋದ ವಾರ ಫೋನ್ ಮಾಡಿದ್ದರು. ಅವರದು ಇಶಾಪುರ ಕಾರ್ಖಾನೆಯ .315. ಯಾರೋ ಬಂದು ಅದನ್ನೂ ‘ದೊಡ್ಡ ಬೋರ್’ ಮಾಡಿಕೊಡ್ತೀನಿ ಅಂದನಂತೆ. ಆ ರೈಫಲ್‌ನಲ್ಲಿ ಬೋಲ್ಟ್ ಲಾಕ್ ಆಗೋದೇ ಹಿಂಭಾಗದಲ್ಲಿ. ಮೌಸರ್‌ನಷ್ಟೂ ತಾಳಿಕೆ ಅದಕ್ಕಿಲ್ಲ. ಆಳು ಹೇಗಿದ್ದ ಅಂತ ಕೇಳಿದೆ. ಹೇಳಿದ ಚಹರೆ ಅವನದ್ದೇ. ಮುಂಗಡ ಇಸ್ಕೊಂಡು ಹೋಗಿದ್ದಾನೆ, ಬಂದೂಕು ಒಯ್ಯೋಕೆ ಮುಂದಿನ ಸೋಮವಾರ ಬರ್ತಾನಂತೆ. ಬೀಗರಿಗೆ ಠಾಣೆಗೆ ತಿಳಿಸಿಡಿ ಅಂದಿದ್ದೇನೆ.