202, 304, 316: ಉಪ್ಪು ಗಾಳಿಯಲ್ಲಿ ಎರಡು ವರ್ಷ ಇಟ್ಟು ನೋಡಿದ ಸ್ಟೀಲ್

ನಮ್ಮ ಮನೆ ಇರುವುದು ಹೂಡೆಯಲ್ಲಿ. ಮಲ್ಪೆಯಿಂದ ಉತ್ತರಕ್ಕೆ, ಒಂದು ಕಡೆ ಸ್ವರ್ಣಾ ನದಿ, ಇನ್ನೊಂದು ಕಡೆ ಸಮುದ್ರ. ಅಂಗಳದಲ್ಲಿ ನಿಂತರೆ ತೆರೆಯ ಸದ್ದು ಕೇಳುತ್ತದೆ. ಮಹಡಿ ಮೆಟ್ಟಿಲಿಗೆ ರೇಲಿಂಗ್ ಹಾಕಿಸಿದಾಗ "ಇದು 304, ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ" ಎಂದಿದ್ದರು. 202, 304, 316 ಎಂದರೆ ಸ್ಟೇನ್‌ಲೆಸ್ ಸ್ಟೀಲಿನ ಗ್ರೇಡ್‌ಗಳು. ಏಳು ತಿಂಗಳಿಗೆ ಕಂದು ಚುಕ್ಕೆಗಳು ಎದ್ದವು. "ಸ್ಟೀಲಿಗೂ ತುಕ್ಕು ಹಿಡೀತದಾ?" ಎಂದು ಅಮ್ಮ ಕೇಳಿದರು. ಅದಕ್ಕೆ ಸರಿಯಾದ ಉತ್ತರ ಹುಡುಕಲು ಹೋಗಿ ಎರಡು ವರ್ಷ ಕಳೆಯಿತು.

ಮೊದಲು ಮಾಡಿದ್ದು ಹನಿ ಪರೀಕ್ಷೆ. ಸಣ್ಣ ಬಾಟಲಿಯ ದ್ರವ, ಒಂದು 9 ವೋಲ್ಟ್ ಬ್ಯಾಟರಿ, ಅಷ್ಟೇ. ಪೈಪ್ ಮೇಲೆ ಹನಿ ಬಿಟ್ಟು ಬ್ಯಾಟರಿ ತಾಗಿಸಿದರೆ, ಮ್ಯಾಂಗನೀಸ್ ಜಾಸ್ತಿ ಇರುವ ಸ್ಟೀಲ್ ಮೇಲೆ ಹನಿ ಕೆಂಪಾಗುತ್ತದೆ. ನಮ್ಮ ರೇಲಿಂಗ್ ಮೇಲೆ ಒಳ್ಳೆ ಕೆಂಪಾಯಿತು. ಅಂದರೆ ಹಾಕಿದ್ದು 304 ಅಲ್ಲ, ಮ್ಯಾಂಗನೀಸ್ ಜಾಸ್ತಿ ಇರುವ 202 ಜಾತಿಯದ್ದು. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಗೊತ್ತಾಗುವುದಿಲ್ಲ. 202ಕ್ಕೂ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಬಗ್ಗಿಸಿದ ಜಾಗದಲ್ಲಿ ಅಸಲಿ 304ಕ್ಕೇ ಸ್ವಲ್ಪ ಅಂಟಬಹುದು!

ಆಮೇಲೆ 202, 304, 316ರ ಪೈಪ್ ತುಂಡುಗಳನ್ನೂ 430ರ (ನಿಕ್ಕಲ್ ಇಲ್ಲದ ಅಗ್ಗದ ಗ್ರೇಡ್) ಪಟ್ಟಿಗಳನ್ನೂ ತಂದೆ. ಎಲ್ಲವೂ ಒಂದೊಂದು ಅಡಿ, ಎರಡೆರಡು ತುಂಡು. ಪ್ರತಿ ತುಂಡಿನ ಮಧ್ಯೆ ಒಂದು ವೆಲ್ಡಿಂಗ್ ಜಾಯಿಂಟ್ ಹಾಕಿಸಿದೆ. ಅರ್ಧ ಭಾಗಕ್ಕೆ ಕನ್ನಡಿಯಂತೆ ಬಫಿಂಗ್, ಇನ್ನರ್ಧವನ್ನು ಒರಟು ಎಮೆರಿಯಿಂದ ಗೀಚಿಸಿದೆ. ಒಂದು ಜೊತೆ ತಾರಸಿಯ ಗೋಡೆ ಮೇಲೆ, ಬಯಲಿಗೆ. ಇನ್ನೊಂದು ಜೊತೆ ಪಡುವಣ ಕಿಟಕಿಯ ಸಜ್ಜಾದ ಕೆಳಗೆ. ಅಲ್ಲಿಗೆ ಗಾಳಿ ಬಡಿಯುತ್ತದೆ, ಮಳೆ ತಾಗುವುದಿಲ್ಲ. ಮೊದಲ ವರ್ಷ ಒಂದನ್ನೂ ತೊಳೆಯಲಿಲ್ಲ.

ಇವುಗಳಲ್ಲಿ ವ್ಯತ್ಯಾಸ ಏನು? ಕಬ್ಬಿಣಕ್ಕೆ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಸೇರಿದರೆ ಮೇಲೆ ತಾನಾಗಿಯೇ ಒಂದು ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ. ಗೀರು ಬಿದ್ದರೆ ಗಾಳಿ ತಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಪೊರೆಯ ದೊಡ್ಡ ಶತ್ರು ಉಪ್ಪಿನಲ್ಲಿರುವ ಕ್ಲೋರೈಡ್. ಅದು ಒಂದು ಕಡೆ ತೂತು ಮಾಡಿ, ಅಲ್ಲೇ ಒಳಕ್ಕೆ ಕೊರೆಯುತ್ತದೆ. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್. 316ರಲ್ಲಿ ಕ್ರೋಮಿಯಂ ಸ್ವಲ್ಪ ಕಡಿಮೆಯೇ, 16ರಿಂದ 18. ಆದರೆ ನಿಕ್ಕಲ್ 10ಕ್ಕಿಂತ ಜಾಸ್ತಿ, ಜೊತೆಗೆ 2ರಿಂದ 3 ಶೇಕಡಾ ಮಾಲಿಬ್ಡಿನಂ. ಉಪ್ಪಿನ ಎದುರು ನಿಲ್ಲುವ ಬಲ ಬರುವುದು ಆ ಮಾಲಿಬ್ಡಿನಂನಿಂದ. 202ರಲ್ಲಿ ದುಬಾರಿ ನಿಕ್ಕಲ್ಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಹಾಕುತ್ತಾರೆ. ಹೊಳಪು ಬರುತ್ತದೆ, ತುಕ್ಕಿನ ವಿರುದ್ಧ ಮ್ಯಾಂಗನೀಸ್ ಸಹಾಯ ಮಾಡುವುದಿಲ್ಲ.

202ಕ್ಕೆ ಅನ್ಯಾಯ ಮಾಡಬಾರದು. ಬಲದಲ್ಲಿ ಅದು 304ಕ್ಕಿಂತ ಮೇಲು. 304 ಮತ್ತು 316 ಬಗ್ಗಲು ಶುರುವಾಗುವ ಕನಿಷ್ಠ ಮಿತಿ 205 ಮೆಗಾಪ್ಯಾಸ್ಕಲ್, 202ಕ್ಕೆ 260. ಸುತ್ತಿಗೆ ತಾಗಿದರೆ ಸುಲಭಕ್ಕೆ ನೆಗ್ಗುವುದಿಲ್ಲ. ಬಳ್ಳಾರಿಯಲ್ಲೋ ತುಮಕೂರಲ್ಲೋ ಮನೆ ಒಳಗಿನ ಮೆಟ್ಟಿಲಿಗೆ ಹಾಕಿದರೆ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತದೆ. 202 ಎಂದು ಹೇಳಿ ಮಾರಿದರೆ ನನ್ನ ತಕರಾರು ಏನೂ ಇಲ್ಲ. 304 ಎಂದು ಹೇಳಿ ಅದನ್ನು ಕೊಟ್ಟದ್ದೇ ನೋವು.

ಈಗ ತುಂಡುಗಳ ವಿಷಯ. 430 ಒಂದು ತಿಂಗಳೊಳಗೆ ಕೆಂಪಾಯಿತು, ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಸಜ್ಜಾದ ಕೆಳಗಿನ 202ಕ್ಕೆ ಮೂರನೇ ತಿಂಗಳಲ್ಲಿ ಚುಕ್ಕೆ ಬಂತು. ವರ್ಷ ತುಂಬುವಾಗ ಒರಟು ಭಾಗ ಪೂರ್ತಿ ಕಂದು. ಉಗುರು ಆಡಿಸಿದರೆ ಸಣ್ಣ ಗುಳಿಗಳು ತಾಗುತ್ತಿದ್ದವು.

304ರ ಎರಡು ತುಂಡುಗಳು ಒಂದೇ ಪೈಪಿನಿಂದ ಕೊಯ್ದವು. ಆದರೂ ಬಯಲಿನದ್ದು ಬೇರೆ ಕಥೆ, ಸಜ್ಜಾದ ಕೆಳಗಿನದ್ದು ಬೇರೆ ಕಥೆ. ಬಯಲಿನಲ್ಲಿದ್ದ ಬಫಿಂಗ್ ಭಾಗ ಎರಡು ಮಳೆಗಾಲ ದಾಟಿಯೂ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ನೆರಳಿನದ್ದಕ್ಕೆ ಚಹಾದ ಕಲೆಯಂತಹ ಕಂದು ಬಣ್ಣ ಹರಡಿತ್ತು. ಮಳೆಗೆ ಸ್ಟೀಲ್ ಹಾಳಾಗುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ, ಅಲ್ವಾ? ನಾನು ಪ್ರತಿ ತಿಂಗಳು ಫೋಟೋ ತೆಗೆದು ನೋಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನ ತುಂಡುಗಳಲ್ಲಿ ಕಲೆ ಬೆಳೆಯಲೇ ಇಲ್ಲ. ಜೋರು ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಕಲೆ ಬೆಳೆದದ್ದು ನವೆಂಬರ್‌ನಿಂದ ಮೇ ತಿಂಗಳವರೆಗೆ. ಹಗಲು ಕಡಲ ಗಾಳಿ ಉಪ್ಪು ತಂದು ಹಚ್ಚುತ್ತದೆ, ರಾತ್ರಿ ಇಬ್ಬನಿ ಅದನ್ನು ಒದ್ದೆ ಮಾಡುತ್ತದೆ, ತೊಳೆಯಲು ಮಳೆ ಇಲ್ಲ. ಸಜ್ಜಾದ ಕೆಳಗೆ ವರ್ಷವಿಡೀ ಇದೇ ಸ್ಥಿತಿ.

316 ಗೆಲ್ಲುತ್ತದೆ ಎಂದು ಮೊದಲೇ ಗೊತ್ತಿತ್ತು. ಬಫಿಂಗ್ ಮಾಡಿದ ಭಾಗ ಎರಡೂ ಜಾಗದಲ್ಲಿ ಗೆದ್ದಿತು. ಆದರೆ ಸಜ್ಜಾದ ಕೆಳಗಿನ ಒರಟು ಭಾಗಕ್ಕೆ ಒಂದು ವರ್ಷದೊಳಗೆ ಕಲೆ ಬಂತು, ವೆಲ್ಡಿಂಗ್ ಪಕ್ಕದಲ್ಲಿ ಅದಕ್ಕೂ ಮೊದಲೇ. ಅಂದರೆ ಬಯಲಿನ ನುಣುಪಾದ 304, ನೆರಳಿನ ಒರಟು 316ಕ್ಕಿಂತ ಚೆನ್ನಾಗಿ ಉಳಿಯಿತು! ಒರಟು ಮೈಯ ಸಣ್ಣ ಗೀರುಗಳಲ್ಲಿ ಉಪ್ಪು ಕೂತು ಬಿಡುತ್ತದೆ. ವೆಲ್ಡಿಂಗ್ ಬಿಸಿಗೆ ನೀಲಿ, ಹೊನ್ನಿನ ಬಣ್ಣ ಬರುತ್ತದಲ್ಲ, ಅದರ ಅಡಿಯಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಆ ಬಣ್ಣವನ್ನು ಪಿಕ್ಲಿಂಗ್ ಪೇಸ್ಟ್ ಹಚ್ಚಿ ಅಥವಾ ಚೆನ್ನಾಗಿ ಬಫ್ ಮಾಡಿ ತೆಗೆಯಲೇಬೇಕು. ಪೇಸ್ಟಿನಲ್ಲಿ ತುಂಬಾ ಅಪಾಯದ ಆಮ್ಲ ಇರುತ್ತದೆ. ಕೈಗವಸು, ಕನ್ನಡಕ ಹಾಕುವ, ಕೆಲಸ ಬಲ್ಲವರೇ ಅದನ್ನು ಮುಟ್ಟಬೇಕು. ಕಬ್ಬಿಣದ ಗೇಟ್ ಉಜ್ಜಿದ ಗ್ರೈಂಡರ್ ಚಕ್ರವನ್ನೇ ಸ್ಟೀಲಿಗೂ ಬಳಸಿದರೆ ಕಬ್ಬಿಣದ ಕಣಗಳು ಅಂಟಿಕೊಂಡು ಅವೇ ತುಕ್ಕಾಗುತ್ತವೆ.

ಎರಡನೇ ವರ್ಷ ಸಜ್ಜಾದ ಕೆಳಗಿನವನ್ನು ತಿಂಗಳಿಗೊಮ್ಮೆ ಸಾಬೂನು ನೀರಲ್ಲಿ ತೊಳೆದೆ. ಮೊದಲು ಅಮ್ಮ ಹಿತ್ತಲಿನ ಬಿಂಬುಳಿ ಎಂಬ ಹುಳಿ ಕಾಯಿ ಜಜ್ಜಿ ಉಜ್ಜಿದರು, 304ರ ಕಲೆ ಹೋಯಿತು. ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ, ಉಜ್ಜಿದ ಮೇಲೆ ಚೆನ್ನಾಗಿ ನೀರು ಹಾಕಬೇಕು. ಆಮೇಲೆ ಬರೀ ತೊಳೆತದಲ್ಲೇ 304 ಬಹುಮಟ್ಟಿಗೆ ಶುಭ್ರವಾಗಿ ಉಳಿಯಿತು. 202ರ ಗುಳಿಗಳು ಹಾಗೇ ಉಳಿದವು. ನೀರಿನ ಬಗ್ಗೆ ಒಂದು ಎಚ್ಚರ: ಬೇಸಿಗೆಯಲ್ಲಿ ನಮ್ಮ ಬಾವಿ ನೀರೇ ಉಪ್ಪಾಗುತ್ತದೆ. ಅದರಲ್ಲಿ ತೊಳೆದು ಒಣಗಲು ಬಿಟ್ಟರೆ ಕೆಲಸ ಕೆಡುತ್ತದೆ. ನಾನು ನಳ್ಳಿ ನೀರು ಬಳಸಿ ಬಟ್ಟೆಯಲ್ಲಿ ಒರೆಸುತ್ತೇನೆ.

ಮನೆಯೊಳಗೂ ಇದೇ ನಿಯಮ. ಒಂದು ವರ್ಷ ಉಪ್ಪು ಸೊಳೆಯನ್ನು (ಉಪ್ಪಿನಲ್ಲಿ ಹಾಕಿಡುವ ಹಲಸಿನ ತೊಳೆ) ಭರಣಿಯ ಬದಲು ಸ್ಟೀಲ್ ಡ್ರಮ್ಮಿನಲ್ಲಿ ಹಾಕಿದೆವು. ತಳದಲ್ಲಿ ಉಪ್ಪು ಕೂತ ಜಾಗದಲ್ಲೆಲ್ಲ ಸೂಜಿ ಚುಚ್ಚಿದಂತೆ ತೂತುಗಳಾದವು. ಟೈಲ್ಸ್ ತೊಳೆಯುವ ಆ್ಯಸಿಡ್ ಇನ್ನೂ ಕೆಟ್ಟದ್ದು. ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಹೊಗೆ ತಾಗಿದರೂ ಹೊಸ ರೇಲಿಂಗ್ ಕೆಂಪಾಗುತ್ತದೆ. ಟೈಲ್ಸ್ ಕೆಲಸ ಮುಗಿದು, ನೆಲ ತೊಳೆದಾದ ಮೇಲೆಯೇ ಸ್ಟೀಲ್ ಹಾಕಿಸಿ.

ನನಗೆ 316 ಪೈಪ್ 304ರ ಸುಮಾರು ಒಂದೂವರೆ ಪಟ್ಟು ಬೆಲೆಗೆ ಬಿತ್ತು. ಹಾಗಾಗಿ ಎಲ್ಲಾ ಕಡೆ 316 ಹಾಕಿಸಲಿಲ್ಲ. ಮಳೆ ಬೀಳುವ ತಾರಸಿಗೆ ಬಫಿಂಗ್ ಮಾಡಿದ 304. ಸಜ್ಜಾದ ಕೆಳಗಿನ ಪಡುವಣ ಕಿಟಕಿಗೆ, ಮಾಡಿನ ಅಡಿಯ ಮೆಟ್ಟಿಲಿಗೆ 316. ಬೋಲ್ಟುಗಳು ಎಲ್ಲಾ ಕಡೆ 316, ಯಾಕೆಂದರೆ ವಾಷರ್ ಅಡಿಗೆ ಉಪ್ಪು ನೀರು ಸೇರಿದರೆ ಒಣಗುವುದಿಲ್ಲ, ತೊಳೆಯಲೂ ಆಗುವುದಿಲ್ಲ. ಬೋಲ್ಟಿನ ತಲೆ ಮೇಲೆ ಗುರುತು ನೋಡಿ: ಎ2 ಎಂದಿದ್ದರೆ 304 ಜಾತಿ, ಎ4 ಎಂದಿದ್ದರೆ 316 ಜಾತಿ. ಹಳೇ ರೇಲಿಂಗಿಗೆ ಸತು ಲೇಪದ ಮಾಮೂಲಿ ಸ್ಕ್ರೂ ಹಾಕಿದ್ದರು. ಸ್ಟೀಲಿಗೆ ತಾಗಿಕೊಂಡ ಸತು ಬೇಗ ಕರಗಿ, ಕೆಂಪು ನೀರು ಗೋಡೆ ಮೇಲೆ ಇಳಿದಿತ್ತು.

ಈ ಸಲ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಂಡೆ. ಪೈಪ್ ಮನೆಗೆ ಬಂದಾಗ, ಕೊಯ್ಯುವ ಮೊದಲು, ಕೆಲಸದವರ ಎದುರೇ ಪ್ರತಿ ಉದ್ದಕ್ಕೂ ಹನಿ ಹಾಕಿದೆ. 316ಕ್ಕೆ ಮಾಲಿಬ್ಡಿನಂ ತೋರಿಸುವ ಬೇರೆಯೇ ದ್ರವ ಬೇಕು, ಅದನ್ನೂ ತರಿಸಿದ್ದೆ. ಮ್ಯಾಂಗನೀಸ್ ತೋರಿಸುವ ಹನಿಗೆ ಹನ್ನೊಂದು ಪೈಪಿನಲ್ಲಿ ಒಂದು ಕೆಂಪಾಯಿತು. ಅವರು ಮಾತಾಡದೆ ಅದನ್ನು ವಾಪಸ್ ಕೊಂಡೊಯ್ದು, ಮರುದಿನ ಬೇರೆ ತಂದರು.