ಆಪ್ತಮಿತ್ರ ಸಣ್ಣ ಮಕ್ಕಳಿಗೆ ತೋರಿಸ್ಬೋದಾ?

2004ರ ಆಪ್ತಮಿತ್ರ ಸಿನಿಮಾ ಮೊನ್ನೆ ಭಾನುವಾರ ಮತ್ತೆ ಹಾಕಿದ್ವಿ, ಪಕ್ಕದಲ್ಲಿ ಅಕ್ಕನ ಮಗ್ಳು, ಎಂಟು ವರ್ಷ. ಮೊದ್ಲು ದ್ವಾರಕೀಶ್ ಹೆದ್ರಿ ನಡುಗೋದು ನೋಡಿ ಬಿದ್ದು ಬಿದ್ದು ನಕ್ಳು, ರಾತ್ರಿ ಗೆಜ್ಜೆ ಸದ್ದು ಕೇಳಿದ್ದೇ ಮೆಲ್ಲಗೆ ನನ್ ಪಕ್ಕಕ್ಕೆ ಸರ್ಕೊಂಡ್ಳು, ಗಂಗಾ ಪಾತ್ರದ ಸೌಂದರ್ಯ ಕಣ್ಣು ಅಗಲ ಮಾಡಿ ದನಿ ಬದಲಾಯ್ಸೋ ಹೊತ್ತಿಗೆ ಮುಖ ಪೂರ್ತಿ ದಿಂಬೊಳಗೆ. ಏನ್ ಆಕ್ಟಿಂಗ್ ಅಪ್ಪಾ ಅದು, ನಂಗೇ ಈಗ್ಲೂ ಮೈ ಜುಮ್ ಅನ್ನತ್ತೆ.

ಕೆಟ್ಟ ಮಾತು, ಅಸಹ್ಯ ಏನಿಲ್ಲ, ಆದ್ರೆ ಗಂಗಾ ಮೈಮೇಲೆ ಬರೋ ನರ್ತಕಿ ನಾಗವಲ್ಲಿಯ ಫ್ಲ್ಯಾಶ್‌ಬ್ಯಾಕ್ ಚಿಕ್ಕೋರಿಗೆ ಬೇಡ್ವೇ ಬೇಡ, ಫಾರ್ವರ್ಡ್ ಮಾಡ್ಬಿಡಿ. ಅದಕ್ಕಿಂತ ಕಷ್ಟ ಆಗಿದ್ದು ಆಮೇಲೆ. ವಿಷ್ಣು ಸರ್ ಇಲ್ಲಿ ಮನೋವೈದ್ಯರು, ಇದು ಕಾಯಿಲೆ ಅಂತಾರೆ, ಆದ್ರೆ ಕೊನೇಲಿ ಅವಿನಾಶ್ ಅವರ ಮಂತ್ರ, ಹೋಮಾನೂ ಇದೆ, ಹಾಗಾಗಿ "ಮಾಮಾ, ಗಂಗಾಗೆ ಜ್ವರಾನಾ ದೆವ್ವಾನಾ" ಅಂತ ಕೇಳಿದ್ಳು, ನಾನ್ ತಡಬಡಾಯ್ಸಿದೆ. ಹನ್ನೆರಡು ದಾಟಿದ್ರೆ ಆರಾಮಾಗಿ ತೋರ್ಸಿ, ಕೂತು ಮಾತಾಡ್ಬೋದು. ನಮ್ಮವಳು ಎರಡು ರಾತ್ರಿ ಲೈಟ್ ಆರಿಸೋಕೆ ಬಿಡ್ಲಿಲ್ಲ, ಈಗ ನೋಡಿದ್ರೆ ಕೂದ್ಲು ಕೆದರ್ಕೊಂಡು ಅಜ್ಜೀನ ಹೆದರಿಸ್ತಾ ಓಡಾಡ್ತಿದಾಳೆ.