ಓಟಿಕ್ಯಾಸ್: ಬೇರೆ ಸ್ಟೇಟಿಂದ ಓಟಿ ಕೋರ್ಸ್‌ಗೆ ಅಪ್ಲೈ ಮಾಡೋರಿಗೆ ಎಷ್ಟು ಉಪಯೋಗ? (5ಕ್ಕೆ 3.5)

ಅಮೆರಿಕದಲ್ಲಿ ಆಕ್ಯುಪೇಷನಲ್ ಥೆರಪಿ (ಓಟಿ, ಅಂದ್ರೆ ಕಾಯಿಲೆ, ಪೆಟ್ಟು ಆದೋರಿಗೆ ದಿನನಿತ್ಯದ ಕೆಲಸ ತಾವೇ ಮಾಡ್ಕೊಳೋಕೆ ನೆರವಾಗೋ ಚಿಕಿತ್ಸೆ) ಮಾಸ್ಟರ್ಸ್ ಅಥವಾ ಓಟಿಡಿ (ಅದರ ಡಾಕ್ಟರೇಟ್) ಮಾಡ್ಬೇಕು ಅಂದ್ರೆ ಹೆಚ್ಚಿನ ಕಾಲೇಜುಗಳಿಗೆ ಓಟಿಕ್ಯಾಸ್ ಅನ್ನೋ ಒಂದೇ ಸೈಟಲ್ಲಿ ಅರ್ಜಿ ಹಾಕ್ಬೇಕು. ನನ್ನ ತಂಗಿ ಬೆಂಗಳೂರಲ್ಲಿ ಸೈಕಾಲಜಿ ಡಿಗ್ರಿ ಮುಗಿಸಿ, ಮದುವೆ ಆಗಿ ನ್ಯೂಜೆರ್ಸಿಗೆ ಬಂದೋಳು, ಅವಳ ಜೊತೆ ಕೂತು ಪೂರ್ತಿ ಅಪ್ಲಿಕೇಶನ್ ತುಂಬಿಸಿದೀನಿ, ಅದಕ್ಕೆ ಬರೀತಿದೀನಿ.

ಮೊದಲು ಒಳ್ಳೇದು ಹೇಳ್ತೀನಿ. ಟ್ರಾನ್ಸ್‌ಕ್ರಿಪ್ಟ್, ರೆಕಮಂಡೇಶನ್ ಲೆಟರ್ ಎಲ್ಲಾ ಒಂದ್ಸಲ ಬಂದು ಸೇರಿದ್ರೆ ಸಾಕು, ಎಷ್ಟು ಕಾಲೇಜ್ ಸೆಲೆಕ್ಟ್ ಮಾಡಿದ್ರೂ ಅಲ್ಲಿಂದಲೇ ಹೋಗುತ್ತೆ, ಲೆಟರ್ ಬರೆದುಕೊಡೋ ಪ್ರೊಫೆಸರ್‌ಗೆ ಪದೇ ಪದೇ ಮೇಲ್ ಹಾಕೋ ಸಂಕೋಚ ತಪ್ಪುತ್ತೆ. ಬೇರೆ ಸ್ಟೇಟಲ್ಲಿ ಕೂತು ಅಪ್ಲೈ ಮಾಡೋರಿಗೆ ಇದು ನಿಜವಾಗ್ಲೂ ದೊಡ್ಡ ಸಹಾಯ.

ಕಷ್ಟ ಎಲ್ಲಿ ಅಂದ್ರೆ, ಓದಿದ ಒಂದೊಂದು ಕೋರ್ಸನ್ನೂ ಟ್ರಾನ್ಸ್‌ಕ್ರಿಪ್ಟ್ ನೋಡ್ಕೊಂಡು ನಾವೇ ಟೈಪ್ ಮಾಡ್ಬೇಕು, ಆಮೇಲೆ ಓಟಿಕ್ಯಾಸ್‌ನೋರು ವೆರಿಫೈ ಮಾಡೋಕೆ ವಾರಗಟ್ಟಲೆ ಹಿಡಿಯುತ್ತೆ. ಡೆಡ್‌ಲೈನ್ ದಿನ ಸಬ್ಮಿಟ್ ಮಾಡಿದ್ರೆ ಸಾಕಾ, ಇಲ್ಲಾ ಅಷ್ಟೊತ್ತಿಗೆ ವೆರಿಫೈ ಆಗಿರ್ಬೇಕಾ ಅನ್ನೋದು ಕಾಲೇಜಿಂದ ಕಾಲೇಜಿಗೆ ಬೇರೆ, ದಯವಿಟ್ಟು ಮೊದಲೇ ನೋಡ್ಕೊಳಿ. ಇಂಡಿಯಾ ಡಿಗ್ರಿ ಇದ್ರೆ ಡಬ್ಲ್ಯೂಇಎಸ್ (ಹೊರದೇಶದ ಡಿಗ್ರಿ ಅಮೆರಿಕದ ಯಾವ ಡಿಗ್ರಿಗೆ ಸಮ ಅಂತ ಹೇಳೋ ಸಂಸ್ಥೆ) ಥರ ಕಡೆ ಇವ್ಯಾಲ್ಯುಯೇಶನ್ ಮಾಡಿಸ್ಬೇಕು, ಅದಕ್ಕೆ ಯೂನಿವರ್ಸಿಟಿಯಿಂದ ಸೀಲ್ ಮಾಡಿದ ಮಾರ್ಕ್ಸ್ ಕಾರ್ಡ್ ಬರೋದೇ ಎಲ್ಲಕ್ಕಿಂತ ತಡ, ಊರಲ್ಲಿ ಯಾರಾದ್ರೂ ಓಡಾಡೋರಿದ್ರೆ ಈಗ್ಲೇ ಹೇಳಿಡಿ.

ಈಗ ಮುಖ್ಯ ವಿಷಯ. ಔಟ್ ಆಫ್ ಸ್ಟೇಟ್ ಸ್ಟೂಡೆಂಟ್‌ಗೆ ನಿಜವಾಗಿ ಬೇಕಾದ್ದು ಫೀಸ್ ಲೆಕ್ಕ, ಅದು ಓಟಿಕ್ಯಾಸ್‌ನಲ್ಲಿ ಸಿಗಲ್ಲ. ಯಾವ ಸ್ಟೇಟ್ ಅಂತ ಕೇಳುತ್ತೆ ಅಷ್ಟೇ, ನೀವು ಅಲ್ಲಿನ ರೆಸಿಡೆಂಟ್ (ಆ ಸ್ಟೇಟಿನೋರಿಗಿರೋ ಕಡಿಮೆ ಫೀಸ್‌ಗೆ ಅರ್ಹರು) ಹೌದೋ ಅಲ್ವೋ ಅಂತ ತೀರ್ಮಾನ ಮಾಡೋದು ಆಯಾ ಯೂನಿವರ್ಸಿಟಿ. ಸಾಮಾನ್ಯವಾಗಿ 12 ತಿಂಗಳು ಅಲ್ಲೇ ನೆಲೆಸಿರ್ಬೇಕು ಅಂತಾರೆ, ಓದೋಕೆ ಅಂತಲೇ ಬಂದಿದ್ರೆ ಆ ತಿಂಗಳು ಲೆಕ್ಕಕ್ಕೆ ಬರೋದು ಕಷ್ಟ. ಹಾಗಾಗಿ ಸರ್ಕಾರಿ ಯೂನಿವರ್ಸಿಟಿ ಅಂದ್ರೆ ಅಗ್ಗ ಅಂತ ಕಣ್ಮುಚ್ಚಿ ನಂಬ್ಬೇಡಿ, ಬೇರೆ ಸ್ಟೇಟಿನೋರಿಗೆ ಅಲ್ಲಿ ಫೀಸ್ ತುಂಬಾ ಏರುತ್ತೆ. ಬೋಸ್ಟನ್ ಯೂನಿವರ್ಸಿಟಿ, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ ಥರ ಪ್ರೈವೇಟ್ ಕಡೆ ಊರಿನೋರಿಗೂ ಹೊರಗಿನೋರಿಗೂ ಒಂದೇ ರೇಟು, ದುಬಾರಿ ಆದ್ರೂ ಭೇದ ಇಲ್ಲ. ಟೆಕ್ಸಾಸ್‌ನಲ್ಲಿ ಒಂದು ದಾರಿ ಇದೆ, ಅಲ್ಲಿನ ಸರ್ಕಾರಿ ಯೂನಿವರ್ಸಿಟಿ ಕನಿಷ್ಠ 1,000 ಡಾಲರ್ ಕಾಂಪಿಟಿಟಿವ್ ಸ್ಕಾಲರ್‌ಶಿಪ್ ಕೊಟ್ರೆ ಹೊರಗಿನೋರಿಗೂ ಇನ್-ಸ್ಟೇಟ್ ಫೀಸ್ ಹಾಕೋಕೆ ಅವಕಾಶ ಇದೆ. ಅಲ್ಲಿನ ಸರ್ಕಾರಿ ಟೆಕ್ಸಾಸ್ ವುಮನ್ಸ್ ಯೂನಿವರ್ಸಿಟಿಗೆ ಅಪ್ಲೈ ಮಾಡೋರು ಇದನ್ನ ಕೇಳದೇ ಬಿಡ್ಬೇಡಿ. ಪಶ್ಚಿಮದ ಕೆಲವು ಸ್ಟೇಟಿನೋರಿಗೆ ವಿಚೀ (WICHE) ಅನ್ನೋ, ಆ ಕಡೆಯ ಸ್ಟೇಟ್‌ಗಳು ಸೇರಿ ಮಾಡ್ಕೊಂಡಿರೋ ಉನ್ನತ ಶಿಕ್ಷಣ ಒಕ್ಕೂಟದ ಫೀಸ್ ಸಹಾಯಾನೂ ಇದೆ, ಅದರ ಲಿಸ್ಟಲ್ಲಿ ಓಟಿ ಇದೆ.

ಸಾಲದ ಬಗ್ಗೆ ಇನ್ನೂ ಹುಷಾರಾಗಿರಿ. 2025ರ ಕಾನೂನಿನ ಪ್ರಕಾರ 2026 ಜುಲೈ 1ರಿಂದ ಹೊಸದಾಗಿ ಸಾಲ ತಗೊಳೋರಿಗೆ ಗ್ರ್ಯಾಡ್ ಪ್ಲಸ್ (ಪೂರ್ತಿ ಖರ್ಚಿನವರೆಗೂ ಸಿಗ್ತಿದ್ದ ಫೆಡರಲ್ ಸಾಲ) ಲೋನ್ ಇಲ್ಲ, ಸಾಮಾನ್ಯ ಗ್ರ್ಯಾಜುಯೇಟ್ ಕೋರ್ಸಿಗೆ ಫೆಡರಲ್ ಸಾಲ ವರ್ಷಕ್ಕೆ 20,500 ಡಾಲರ್ ಮಾತ್ರ. ಹೊರ ಸ್ಟೇಟ್ ಫೀಸು, ಮನೆ ಬಾಡಿಗೆ ಎಲ್ಲಾ ಇದರೊಳಗೆ ಆಗಲ್ಲ.

ಪ್ರಿರಿಕ್ವಿಸಿಟ್ (ಸೇರೋಕೆ ಮೊದಲೇ ಓದಿರ್ಬೇಕಾದ ಕೋರ್ಸ್) ಕಥೇನೂ ಹಾಗೇ. ಅನಾಟಮಿ ಫಿಸಿಯಾಲಜಿ ಲ್ಯಾಬ್ ಸಮೇತ, ಸ್ಟಾಟಿಸ್ಟಿಕ್ಸ್, ಅಬ್‌ನಾರ್ಮಲ್ ಸೈಕಾಲಜಿ ಸುಮಾರು ಎಲ್ಲಾ ಕಡೆ ಕೇಳ್ತಾರೆ, ಆದ್ರೆ ಒಂದ್ಕಡೆ ಒಪ್ಪಿದ ಕೋರ್ಸ್ ಇನ್ನೊಂದ್ಕಡೆ ಹಳೇದಾಯ್ತು ಅಂತಾರೆ. ತಂಗಿ ಅನಾಟಮಿ ಕಮ್ಯುನಿಟಿ ಕಾಲೇಜಲ್ಲಿ ಮಾಡಿದ್ಲು. ಒಂದು ಕಾಲೇಜು ಆನ್‌ಲೈನ್ ಲ್ಯಾಬ್ ಒಪ್ಪಲ್ಲ ಅಂತ ಫೀಸ್ ಕಟ್ಟಿದ್ಮೇಲೆ ಹೇಳ್ತು, ಓಟಿಕ್ಯಾಸ್ ಫೀಸ್ ವಾಪಸ್ ಬರಲ್ಲ, ಕೆಲವು ಕಾಲೇಜು ಬೇರೆ ಫೀಸೂ ತಗೊಳ್ತವೆ. ಅದಕ್ಕೆ ಸಿಲಬಸ್ ಕಳಿಸಿ, ಸರಿ ಇದೆ ಅಂತ ಮೇಲ್‌ನಲ್ಲಿ ಬರೆಸ್ಕೊಂಡೇ ದುಡ್ಡು ಕಟ್ಟಿ.

ಲೈಸೆನ್ಸ್ ಬಗ್ಗೆ ಭಯ ಬೇಡ, ಎಸಿಒಟಿಇ (ಓಟಿ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇರೋ ಕೋರ್ಸ್ ಯಾವ ಸ್ಟೇಟಲ್ಲಿ ಮಾಡಿದ್ರೂ ಎನ್‌ಬಿಸಿಒಟಿ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ಒಂದೇ, ಅದು ಪಾಸಾದ್ರೆ ಬೇಕಾದ ಸ್ಟೇಟಲ್ಲಿ ಲೈಸೆನ್ಸ್‌ಗೆ ಅಪ್ಲೈ ಮಾಡ್ಬಹುದು. ಕೇಳ್ಬೇಕಾದ್ದು ಇನ್ನೊಂದಿದೆ, 24 ವಾರದ ಲೆವೆಲ್ 2 ಫೀಲ್ಡ್‌ವರ್ಕ್ (ಕೋರ್ಸಿನ ಭಾಗವಾದ ಪ್ರಾಕ್ಟಿಕಲ್ ತರಬೇತಿ) ನಿಮ್ಮ ಮನೆ ಹತ್ರದ ಆಸ್ಪತ್ರೆಯಲ್ಲಿ ಹಾಕಿಕೊಡ್ತಾರಾ ಅಂತ. ಗಂಡ ಮಕ್ಕಳನ್ನ ಬಿಟ್ಟು ಹೋಗೋರಿಗೆ ಇದೇ ದೊಡ್ಡ ಪ್ರಶ್ನೆ. ಇಂಟರ್‌ವ್ಯೂನಲ್ಲೇ ಕೇಳ್ಬಿಡಿ, ಆಫರ್ ಬಂದ್ಮೇಲೆ ಡೆಪಾಸಿಟ್ ಕಟ್ಟೋಕೆ ಜಾಸ್ತಿ ಟೈಮ್ ಕೊಡಲ್ಲ.